ಹೊಳೆಯ ನೀರುನಾಯಿಗೆ ಮರಿ ಯಾಕಿಲ್ಲ?

ಪ್ರಶ್ನೆ: ನಮ್ಮ ತೋಟದ ಕೆಳಗಿನ ಹೊಳೆ ಕಾವೇರಿ ಸೇರುತ್ತದೆ. ಮೂರು ವರ್ಷದಿಂದ ಎರಡು ನೀರುನಾಯಿ ಬರುತ್ತಿವೆ. ಮರಿ ಮಾತ್ರ ಒಂದೂ ಕಂಡಿಲ್ಲ. ಕಾಫಿಗೆ ಹೊಡೆಯುವ ಔಷಧಿಯಿಂದ ಹೀಗಾಗಿರಬಹುದಾ?
(ಕಾಫಿ ಬೆಳೆಗಾರರೊಬ್ಬರು, ಸಿದ್ದಾಪುರ, ಕೊಡಗು)

ಉತ್ತರ: ಕಾಣಲಿಲ್ಲ ಅಂದ ಮಾತ್ರಕ್ಕೆ ಮರಿ ಇಲ್ಲ ಅನ್ನಬೇಡಿ. ತಾಯಿ ಮೊದಲ ಕೆಲವು ವಾರ ಮರಿಗಳನ್ನು ದಡದ ಬಿಲದಲ್ಲೇ ಇಟ್ಟುಕೊಳ್ಳುತ್ತದೆ. ಮೂವತ್ತು ವರ್ಷ ಪಶುವೈದ್ಯನಾಗಿ ಈ ಜಿಲ್ಲೆ ಸುತ್ತಿದ ನಾನು ನೀರುನಾಯಿ ಮರಿ ನೋಡಿದ್ದು ಒಂದೇ ಸಲ. ಅದೂ ಜೀಪು ಕೆಟ್ಟು ಬರಪೊಳೆ ಹತ್ತಿರ ಕೂತಿದ್ದಾಗ.

ಆದರೆ ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ತುಪ್ಪಳಕ್ಕಾಗಿ ಮಿಂಕ್ ಸಾಕುತ್ತಿದ್ದವರು 1960ರ ದಶಕದಲ್ಲಿ ಅವಕ್ಕೆ ಮಿಶಿಗನ್ ಸರೋವರದ ಮೀನು ಹಾಕಿದರು. ಮಿಂಕ್ ನೀರುನಾಯಿಯ ದಾಯಾದಿ. ಮರಿ ಹುಟ್ಟುವುದು ಕಮ್ಮಿಯಾಯಿತು, ಹುಟ್ಟಿದವೂ ಸತ್ತವು. ಕಾರಣ, ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಬಳಸುತ್ತಿದ್ದ ಪಿಸಿಬಿ ಅನ್ನೋ ರಾಸಾಯನಿಕ ಮೀನಿನೊಳಗೆ ಸೇರಿತ್ತು. 1970ರ ದಶಕದಲ್ಲಿ, ಅದೇ ಪಿಸಿಬಿ ಮೈಗೆ ಸೇರಿದ್ದ ಯುರೋಪಿನ ಬಾಲ್ಟಿಕ್ ಸಮುದ್ರದ ಸೀಲ್‌ಗಳನ್ನು ಕೊಯ್ದು ನೋಡಿದರೆ ಎಷ್ಟೋ ಹೆಣ್ಣುಗಳ ಗರ್ಭಕೋಶದ ದಾರಿಯೇ ಕಟ್ಟಿಕೊಂಡಿತ್ತು. ಹಸುವಿಗೆ ಹೀಗಾಗಿದ್ದರೆ ಇನ್ನು ಗಬ್ಬ ನಿಲ್ಲುವುದಿಲ್ಲ ಅಂತ ಮನೆಯವರಿಗೆ ಹೇಳಿ ಬರುತ್ತಿದ್ದೆ.

ಇಂಥ ವಿಷ ಕೂರುವುದು ಕೊಬ್ಬಿನಲ್ಲಿ. ಹುಳದಿಂದ ಮೀನಿಗೆ, ಮೀನಿನಿಂದ ನೀರುನಾಯಿಗೆ ಬರುತ್ತ ಬರುತ್ತ ಜಾಸ್ತಿಯಾಗುತ್ತದೆ. ಮೊಲೆಯೂಡುವಾಗ ಕೊಬ್ಬು ಕರಗಿ ಹಾಲಿಗೆ ಇಳಿಯುತ್ತದೆ. ಚೊಚ್ಚಲ ಮರಿಗೇ ದೊಡ್ಡ ಪಾಲು.

ನಮ್ಮ ತೋಟಗಳಲ್ಲಿ ಹಾಗೆ ಉಳಿಯುವ ಔಷಧಿ ಅಂದರೆ ಲಿಂಡೇನ್. ಕಾಂಡ ಕೊರೆಯುವ ಬೋರರ್ ಹುಳ ಬರದಿರಲಿ ಅಂತ ಅಪ್ಪ ಅರೇಬಿಕಾ ಕಾಂಡಕ್ಕೆ ಬಳಿಸುತ್ತಿದ್ದರು. ಬಕೆಟ್ ತೊಳೆಯುತ್ತಿದ್ದದ್ದು ನಾನು, ಅದೂ ಹೊಳೆಯಲ್ಲೇ. 2013ರಿಂದ ದೇಶದಲ್ಲಿ ಅದನ್ನು ಬಳಸುವಂತಿಲ್ಲ. ಶೆಡ್ಡಿನ ಮೂಲೆಯಲ್ಲಿ ಹಳೇ ಡಬ್ಬಿ ಉಳಿದಿದ್ದರೆ ಸುರಿಯಬೇಡಿ, ಹೂಳಲೂಬೇಡಿ. ಮುಚ್ಚಳ ಬಿಗಿ ಮಾಡಿಟ್ಟು ಕೃಷಿ ಇಲಾಖೆಯವರನ್ನು ಕೇಳಿ.

ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಹೊಡೆಯುವ ಬೋರ್ಡೋ ಕತೆ ಬೇರೆ. ಮೈಲುತುತ್ತ ಕೊಬ್ಬಿನಲ್ಲಿ ಕೂರುವುದಿಲ್ಲ, ಆದರೆ ಮೀನಿಗೆ ವಿಷ. ಮೀನು ಹೋದರೆ ನೀರುನಾಯಿ ಮರಿ ಹಾಕುವುದಿರಲಿ, ಅಲ್ಲಿ ನಿಲ್ಲುವುದೂ ಇಲ್ಲ. ಸ್ಪ್ರೇಯರ್ ತೊಳೆದ ನೀರು ಹೊಳೆಗೆ ಹೋಗದಂತೆ ಆಳುಗಳಿಗೆ ಹೇಳಿ.

ಮೂರು ವರ್ಷವೂ ಬರುತ್ತಿವೆ ಅಂದರೆ ನಿಮ್ಮ ಹೊಳೆಯಲ್ಲಿ ಮೀನಿದೆ ಅಂತಾಯಿತಲ್ವಾ? ಬೆಳಗ್ಗೆ ಬಂಡೆಗಳ ಮೇಲೆ ಹಿಕ್ಕೆ ಹುಡುಕಿ, ಏಡಿ ಚಿಪ್ಪು, ಮೀನಿನ ಮುಳ್ಳು ಇರುತ್ತದೆ. ಪಕ್ಕದ ಮರಳಿನಲ್ಲಿ ದೊಡ್ಡ ಹೆಜ್ಜೆ ಜೊತೆ ಸಣ್ಣ ಹೆಜ್ಜೆಯೂ ಕಂಡರೆ ನನಗೊಂದು ಸಾಲು ಬರೆಯಿರಿ.