ಬುಸಾನ್‌ನಲ್ಲಿ ಎರಡು ದಿನ, ಜೊತೆಗೆ ಅಪ್ಪ-ಅಮ್ಮ: ಕಡಲ ಪಕ್ಕ ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು?

ಅಕ್ಟೋಬರ್‌ನ ಒಂದು ಶನಿವಾರ, ಭಾನುವಾರ ನಾಲ್ವರು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿರುತ್ತೇವೆ, ಅಮ್ಮನಿಗೆ ಮಂಡಿನೋವು, ಮಾಲ್ ಮ್ಯೂಸಿಯಂ ಬೇಡ, ಕಡಲ ಪಕ್ಕದ ಜಾಗಗಳು ಸಾಕು ಎಂದಿದ್ದೀರಿ. ತಿಂಗಳು ಚೆನ್ನಾಗಿದೆ. ಜೂನ್ ಕೊನೆಯಿಂದ ಜುಲೈ ತನಕ ಅಲ್ಲಿ ಮಳೆಗಾಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಚಂಡಮಾರುತ ಬಂತೆಂದರೆ ಕಡಲ ಹಾದಿಗಳನ್ನು ಮುಚ್ಚಿಬಿಡುತ್ತಾರೆ. ಅಕ್ಟೋಬರ್‌ನಲ್ಲಿ ಆ ಕಾಟ ಕಡಿಮೆ.

ಬುಸಾನ್‌ನಲ್ಲಿ ಬಹಳ ಜನ ಎಡವುವುದು ಜಾಗಗಳನ್ನು ಜೋಡಿಸಿಕೊಳ್ಳುವುದರಲ್ಲಿ. ಬೆಟ್ಟಗಳು ಸೀದಾ ಸಮುದ್ರಕ್ಕೆ ಇಳಿದಿರುವ ಊರು ಅದು. ರಸ್ತೆಗಳೆಲ್ಲ ಬೆಟ್ಟ ಬಳಸಿಕೊಂಡು, ಸುರಂಗ ಹೊಕ್ಕು ಹೋಗುತ್ತವೆ. ನಕ್ಷೆಯಲ್ಲಿ ಗೇಣುದ್ದ ಕಂಡದ್ದಕ್ಕೆ ಬಸ್ಸಿನಲ್ಲಿ ಒಂದೂವರೆ ಗಂಟೆ ಹಿಡಿಯಬಹುದು. ಹೇಉಂಡೇ ಬೀಚ್, ಚಂಗ್ಸಾಪೊ ಬಂದರು, ಯೋಂಗ್‌ಗುಂಗ್ಸಾ ದೇವಾಲಯ ಪೂರ್ವಕ್ಕಿವೆ; ಯಂಗ್‌ಡೋ ದ್ವೀಪ, ಬಣ್ಣದ ಮನೆಗಳ ಗಮ್‌ಚನ್ ಬಡಾವಣೆ ನೈಋತ್ಯಕ್ಕಿವೆ. ಒಂದು ದಿನಕ್ಕೆ ಒಂದೇ ದಿಕ್ಕು. ಬೆಳಿಗ್ಗೆ ಯೋಂಗ್‌ಗುಂಗ್ಸಾ, ಮಧ್ಯಾಹ್ನ ಗಮ್‌ಚನ್ ಎಂದು ಇಟ್ಟುಕೊಂಡರೆ ಅರ್ಧ ದಿನ ಬಸ್ಸಿನಲ್ಲೇ ಹೋಯಿತು.

ಶನಿವಾರ ಪೂರ್ವಕ್ಕೆ ಕೊಡಿ. ಮೊದಲು ಹೇಡೋಂಗ್ ಯೋಂಗ್‌ಗುಂಗ್ಸಾ, ಅದೂ ಎಂಟು ಗಂಟೆಯೊಳಗೆ. 1376ರಲ್ಲಿ ನಾಓಂಗ್ ಎಂಬ ಭಿಕ್ಷು ಸ್ಥಾಪಿಸಿದ ಬೌದ್ಧ ದೇವಾಲಯ ಇದು. ಕೊರಿಯಾದ ಹಳೆಯ ದೇವಾಲಯಗಳಲ್ಲಿ ಹೆಚ್ಚಿನವು ಬೆಟ್ಟದ ಮಡಿಲಲ್ಲಿದ್ದರೆ ಇದು ಅಲೆ ಬಡಿಯುವ ಬಂಡೆಗಳ ಮೇಲೆ ಕೂತಿದೆ. ಪ್ರವೇಶ ಉಚಿತ. ದೋಂಗ್‌ಹೇ ಲೈನ್ ರೈಲಿನಲ್ಲಿ ಒಸಿರಿಯಾ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಟ್ಯಾಕ್ಸಿ ಹಿಡಿಯಿರಿ. ಆದರೆ ಒಂದು ವಿಷಯ ಗಮನಿಸಿ: ಇಲ್ಲಿ ದೇವಸ್ಥಾನಕ್ಕೆ ಮೆಟ್ಟಿಲು ಇಳಿದು ಹೋಗಬೇಕು, 108 ಮೆಟ್ಟಿಲು. ಮಂಡಿನೋವಿನವರಿಗೆ ಇಳಿಯುವುದೇ ಕಷ್ಟ, ಬರುವಾಗ ಹತ್ತುವುದೂ ಇದೆ. ಹತ್ತು ಗಂಟೆಯ ಮೇಲೆ ಟೂರ್ ಬಸ್ಸುಗಳ ಜನ ಸೇರಿದರೆ ನಡುವೆ ನಿಂತು ಸುಧಾರಿಸಿಕೊಳ್ಳಲೂ ಜಾಗ ಇರುವುದಿಲ್ಲ. ಬೇಗ ಹೋಗಿ ಎನ್ನುವುದು ಅದಕ್ಕೇ.

ಅಲ್ಲಿಂದ ಹೇಉಂಡೇ ಬೀಚ್‌ನ ತುದಿಯ ಮಿಪೊಗೆ ಬನ್ನಿ. ನಿಮ್ಮ ಅಮ್ಮನಿಗೆ ಬುಸಾನ್‌ನಲ್ಲಿ ಇದಕ್ಕಿಂತ ಒಳ್ಳೆಯ ಹಾದಿ ಸಿಗಲಾರದು. ಮಿಪೊದಿಂದ ಸೊಂಗ್‌ಜಂಗ್‌ವರೆಗಿನ 4.8 ಕಿ.ಮೀ. ಹಿಂದೆ ರೈಲು ಹಳಿ ಇದ್ದ ದಾರಿ. 2013ರಲ್ಲಿ ರೈಲನ್ನು ಒಳನಾಡಿನ ಹೊಸ ಹಳಿಗೆ ತಿರುಗಿಸಿದರು; 2020ರಲ್ಲಿ ಇಲ್ಲಿ ಬ್ಲೂಲೈನ್ ಪಾರ್ಕ್ ಶುರುವಾಯಿತು. ರೈಲಿಗೆ ಕಡಿದಾದ ಏರು ಆಗುವುದಿಲ್ಲವಲ್ಲ, ಹಾಗಾಗಿ ಹಳಿಯ ಪಕ್ಕದ ಕಾಲುಹಾದಿ ಬಹುಪಾಲು ಸಮತಟ್ಟು. ಒಂದು ಮಗ್ಗುಲಲ್ಲಿ ಪೈನ್ ಮರಗಳ ಗುಡ್ಡ, ಇನ್ನೊಂದು ಮಗ್ಗುಲಲ್ಲಿ ಕೆಳಗೆ ನೀಲಿ ನೀರು. ನಡೆಯಲು ದುಡ್ಡಿಲ್ಲ.

ನಡೆಯಲಾಗದಿದ್ದರೆ ಎರಡು ದಾರಿಗಳಿವೆ. ಬೀಚ್ ಟ್ರೈನ್ ಸೊಂಗ್‌ಜಂಗ್‌ವರೆಗೂ ಹೋಗುತ್ತದೆ, ಆಸನಗಳೆಲ್ಲ ಸಮುದ್ರದ ಕಡೆಗೇ ಮುಖ ಮಾಡಿವೆ. ಸ್ಕೈ ಕ್ಯಾಪ್ಸೂಲ್ ಎಂಬ ಪುಟ್ಟ ಬಣ್ಣದ ಡಬ್ಬಿ ಹಳಿಯ ಮೇಲ್ಗಡೆ ಎತ್ತರದ ಕಂಬಿಯ ಮೇಲೆ ಚಂಗ್ಸಾಪೊವರೆಗೆ ಮಾತ್ರ ಹೋಗುತ್ತದೆ, ಸುಮಾರು 2 ಕಿ.ಮೀ.ಗೆ ಅರ್ಧ ಗಂಟೆ. ಅದರ ದರ ತಲೆಗೆ ಇಷ್ಟೆಂದಲ್ಲ, ಡಬ್ಬಿಯ ಲೆಕ್ಕ. ಒಂದರಲ್ಲಿ ನಾಲ್ವರವರೆಗೆ ಕೂರಬಹುದು, ನಾಲ್ವರಿದ್ದರೆ ಲಾಭ. ವಾರಾಂತ್ಯದಲ್ಲಿ ಸ್ಥಳದಲ್ಲೇ ಟಿಕೆಟ್ ಸಿಗುತ್ತದೆ ಎಂದು ನಂಬಬೇಡಿ, ಮುಂಚೆಯೇ ಬುಕ್ ಮಾಡಿ. ಹೋಗುವಾಗ ಕ್ಯಾಪ್ಸೂಲ್, ಬರುವಾಗ ಕಾಲ್ನಡಿಗೆ ಅಥವಾ ಟ್ರೈನ್: ನನ್ನ ಸಲಹೆ ಇದು.

ಚಂಗ್ಸಾಪೊದಲ್ಲಿ ಇಳಿದು ಬಂದರಿನ ಕಡೆ ಹೋಗಿ. ಒಂದು ಕೆಂಪು, ಒಂದು ಬಿಳಿ, ಎದುರುಬದುರು ಎರಡು ದೀಪಸ್ತಂಭಗಳಿವೆ. ಚೆಂದಕ್ಕೆ ಬಳಿದ ಬಣ್ಣ ಅಲ್ಲ. ಸಮುದ್ರದಿಂದ ಬಂದರಿಗೆ ಬರುವ ದೋಣಿಗೆ ಕೆಂಪು ಬಲಕ್ಕೆ, ಬಿಳಿ ಎಡಕ್ಕೆ ಇರಬೇಕೆಂಬ ನಿಯಮ. ಎರಡರ ನಡುವೆ ನುಗ್ಗಿದರೆ ದಾರಿ ಸರಿ. ಅಲ್ಲೇ ನಿಂತು ಒಂದು ಮೀನುದೋಣಿ ಒಳಗೆ ಬರುವುದನ್ನು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ.

ಸಂಜೆ ಗ್ವಾಂಗಲ್ಲಿ ಬೀಚ್. ಶನಿವಾರ ಎಂದು ಹೇಳಿದ್ದು ಇದಕ್ಕೇ: ಡ್ರೋನ್ ಪ್ರದರ್ಶನ ಇರುವುದು ಶನಿವಾರ ರಾತ್ರಿ, ಉಚಿತ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಏಳಕ್ಕೆ ಮತ್ತು ಒಂಬತ್ತಕ್ಕೆ ನಡೆಸುವುದು ವಾಡಿಕೆ. ಗಾಳಿ ಜೋರಾದರೆ ರದ್ದು ಮಾಡುತ್ತಾರೆ, ಆ ದಿನ ಮತ್ತೊಮ್ಮೆ ವಿಚಾರಿಸಿಕೊಳ್ಳಿ.

ಭಾನುವಾರ ನೈಋತ್ಯ. ನಾಂಪೊದಿಂದ 8 ಅಥವಾ 30ನೇ ನಂಬರ್ ಬಸ್ಸು ಹಿಡಿದರೆ ಯಂಗ್‌ಡೋ ದ್ವೀಪದ ತುದಿಯ ತೇಜೊಂಗ್‌ಡೇ ಉದ್ಯಾನ. ಬಂಡೆ ಕಡಿದಂತೆ ನೇರ ಕಡಲಿಗೆ ಬೀಳುವ ಪ್ರಪಾತ, ಆಕಾಶ ತಿಳಿಯಾಗಿದ್ದರೆ ಸುಮಾರು 50 ಕಿ.ಮೀ. ಆಚೆಯ ಜಪಾನಿನ ತ್ಸುಶಿಮಾ ಕಾಣುತ್ತದೆ. ಒಳಗಿನ ಸುತ್ತುರಸ್ತೆ 4 ಕಿ.ಮೀ.ಗೂ ಹೆಚ್ಚು, ಏರಿಳಿತ ಇದೆ. ಆ ರಸ್ತೆಯಲ್ಲೇ ಓಡುವ, ರೈಲಿನಂಥ ದಾನುಬಿ ಎಂಬ ಬಂಡಿಯಲ್ಲಿ ಅಮ್ಮನನ್ನು ಕೂರಿಸಿ. (ಸೋಮವಾರ ಅದಕ್ಕೆ ರಜೆ, ನಿಮಗೆ ತೊಂದರೆಯಿಲ್ಲ.) 1906ರಿಂದ ಉರಿಯುತ್ತಿರುವ ದೀಪಸ್ತಂಭಕ್ಕೆ ಬಹಳ ಮೆಟ್ಟಿಲು ಇಳಿಯಬೇಕು, ಅವರು ಮೇಲೆಯೇ ಇರಲಿ.

ಗಮ್‌ಚನ್‌ನ ಬಣ್ಣದ ಮನೆಗಳಿಗೆ ತೋಸಂಗ್ ಮೆಟ್ರೊ ನಿಲ್ದಾಣದಿಂದ ಊರಬಸ್ಸು ಹತ್ತಿ, ಮೇಲಿನ ದ್ವಾರದಲ್ಲಿ ಇಳಿಯಿರಿ. ನಿಲ್ದಾಣದಿಂದ ನಡೆದೇ ಹತ್ತಲು ಹೊರಟರೆ ಊರು ತಲುಪುವಷ್ಟರಲ್ಲಿ ಕಾಲು ಸೋತಿರುತ್ತವೆ. ಕೊರಿಯಾ ಯುದ್ಧಕಾಲದಲ್ಲಿ ನೆಲೆ ತಪ್ಪಿ ಬಂದವರು 1950ರ ದಶಕದಲ್ಲಿ ಕಟ್ಟಿಕೊಂಡ ಬಡಾವಣೆ ಅದು, ಗೋಡೆಚಿತ್ರಗಳು ಬಂದದ್ದು 2009ರ ನಂತರ. ಈಗಲೂ ಜನ ವಾಸವಿದ್ದಾರೆ. ಬಾಗಿಲು, ಕಿಟಕಿಗಳ ಫೋಟೊ ತೆಗೆಯಬೇಡಿ, ಸಂಜೆಯೊಳಗೆ ಹೊರಟುಬಿಡಿ.

ಬಿಡಬೇಕಾದದ್ದು ಕಡಲಂಚಿನ ಇಗಿಡೇ ಹಾದಿ. ಬಿಡಿ ಎನ್ನಲು ನನಗೇ ಮನಸ್ಸಿಲ್ಲ, ಬುಸಾನ್‌ನ ಅತ್ಯಂತ ಸೊಗಸಾದ ನಡಿಗೆ ಅದು. ಆದರೆ ಓರ್ಯುಕ್‌ಡೋದಿಂದ ದೊಂಗ್‌ಸೆಂಗ್‌ಮಾಲ್‌ಗೆ 5 ಕಿ.ಮೀ.ಗೆ ತುಸು ಕಡಿಮೆ, ಎರಡೂವರೆ ಗಂಟೆ, ಉದ್ದಕ್ಕೂ ಮರದ ಮೆಟ್ಟಿಲು. ನೀವು ಯಾರಾದರೂ ಭಾನುವಾರ ಬೆಳಿಗ್ಗೆ ಬೇಗ ಎದ್ದು ಹೋಗುವುದಾದರೆ ಓರ್ಯುಕ್‌ಡೋ ಕಡೆಯಿಂದಲೇ ಶುರು ಮಾಡಿ: ಕಡಿದಾದ ಏರು ಮೊದಲೇ ಮುಗಿಯುತ್ತದೆ, ಕೊನೆಗೆ ತೂಗುಸೇತುವೆಗಳ ಮೇಲೆ ಬರುವಾಗ ಗ್ವಾಂಗಾನ್ ಸೇತುವೆ ಎದುರಿಗೇ ಇರುತ್ತದೆ. ನೀರು, ಬುತ್ತಿ ಕಟ್ಟಿಕೊಂಡು ಹೋಗಿ. ಓರ್ಯುಕ್‌ಡೋ ಎಂದರೆ ‘ಐದಾರು ದ್ವೀಪ’. ಅವುಗಳಲ್ಲಿ ಎರಡು ದ್ವೀಪಗಳು ಇಳಿತದಲ್ಲಿ ಕೂಡಿಕೊಂಡು ಒಂದಾಗುತ್ತವೆ, ಭರತದಲ್ಲಿ ಬೇರೆಯಾಗುತ್ತವೆ. ಹೋದ ಹೊತ್ತಿಗೆ ಎಷ್ಟಿವೆ ಎಂದು ಎಣಿಸಿ ನೋಡಿ.

ಓಡಾಟಕ್ಕೆ ನೇವರ್ ಮ್ಯಾಪ್ ಅಥವಾ ಕಾಕಾವೊ ಮ್ಯಾಪ್ ಹಾಕಿಕೊಳ್ಳಿ. ಗೂಗಲ್ ಮ್ಯಾಪ್ಸ್ ಕೊರಿಯಾದಲ್ಲಿ ಕಾಲುದಾರಿ ತೋರಿಸುವುದರಲ್ಲಿ ಸೋಲುತ್ತದೆ. ಜಾಗದ ಹೆಸರುಗಳನ್ನು ಕೊರಿಯನ್ ಲಿಪಿಯಲ್ಲೇ ಫೋನಿನಲ್ಲಿ ಉಳಿಸಿಕೊಂಡರೆ ಟ್ಯಾಕ್ಸಿಯವರಿಗೆ ತೋರಿಸಬಹುದು. ಬಸ್ಸು, ಮೆಟ್ರೊಗೆ ಬಳಸುವ ಟಿ-ಮನಿ ಕಾರ್ಡ್ ತಲೆಗೊಂದು ತೆಗೆದುಕೊಳ್ಳಿ, ಅದನ್ನು ತುಂಬಿಸಲು ನೋಟು ಬೇಕಾಗುತ್ತದೆ. ಬಸ್ಸಿನಿಂದ ಇಳಿಯುವಾಗಲೂ ಕಾರ್ಡ್ ಮುಟ್ಟಿಸುವುದನ್ನು ಮರೆಯಬೇಡಿ, ಮರೆತರೆ ಮುಂದಿನ ಬಸ್ಸು ಅಥವಾ ಮೆಟ್ರೊಗೆ ಬದಲಾಯಿಸುವಾಗ ಸಿಗುವ ರಿಯಾಯಿತಿ ಹೋಗುತ್ತದೆ.