ಕೂದಲು ಬರೋ ತನಕ ಏನ್ಮಾಡ್ತೀರಾ? ಒಂದು ಆಪ್ತಸಲಹೆ ಪ್ರಕರಣ

ಇವರನ್ನ ಚೇತನ್ ಅಂತ ಇಟ್ಕೊಳೋಣ. ಹೆಸರು, ಊರು, ಕೆಲಸ ಎಲ್ಲ ಬದಲಾಯಿಸಿದೀನಿ, ಬರೆಯೋಕೆ ಅವರ ಒಪ್ಪಿಗೆ ಇದೆ, "ಹಾಕಿ ಮೇಡಂ, ನನ್ ಥರದವರು ಪೀಜಿಗೆ ಹತ್ತು ಜನ ಸಿಗ್ತಾರೆ" ಅಂದಿದ್ರು. ವಯಸ್ಸು 28, ಮಂಡ್ಯ ಕಡೆ ರೈತರ ಮನೆ ಹುಡುಗ, ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸ. ನನ್ ಹತ್ರ ಬಂದಿದ್ದು ಕೂದಲಿನ ವಿಷಯಕ್ಕಲ್ಲ, ನಿದ್ದೆ ಬರ್ತಿಲ್ಲ, ಆಫೀಸಲ್ಲಿ ಮನಸ್ಸಿಲ್ಲ ಅಂತ. ಮೊದಲ್ನೇ ಸೆಷನ್ ಪೂರ್ತಿ ಕ್ಯಾಪ್ ಹಾಕ್ಕೊಂಡೇ ಕೂತಿದ್ರು, ನಾನೂ ಅದರ ಬಗ್ಗೆ ಕೇಳೋಕೆ ಹೋಗ್ಲಿಲ್ಲ. ಎರಡನೇ ಸಲ ಬಂದಾಗ ತಾವೇ ತೆಗೆದು, "ಇದೇ ಮೇಡಂ ಪ್ರಾಬ್ಲಮ್ಮು" ಅಂದ್ರು.

ಕೂದಲು ಉದುರೋಕೆ ಶುರುವಾಗಿದ್ದು ಇಂಜಿನಿಯರಿಂಗ್ ಸೇರೋ ಬದಲು ಬಿಕಾಂ ಸೇರಿದ ವರ್ಷದಲ್ಲಂತೆ, ಅಂದ್ರೆ ಹತ್ತೊಂಬತ್ತೋ ಇಪ್ಪತ್ತೋ. ಅಮ್ಮ ಗರುಗದ ಸೊಪ್ಪಿನ ಎಣ್ಣೆ ಕಾಯಿಸಿ ಕಳಿಸ್ತಿದ್ರು, ರೂಮ್‌ಮೇಟ್ ಈರುಳ್ಳಿ ರಸ ಹಚ್ಚು ಅಂದ, ಬೆಂಗಳೂರಿಗೆ ಬಂದ್ಮೇಲೆ ಎಲ್ಲಾರೂ ಸೇರಿ ಬೋರ್‌ವೆಲ್ ನೀರಿನ ಮೇಲೆ ಹಾಕಿದ್ರು. ಬೋರ್‌ವೆಲ್ ನೀರಿಗೆ ಕೂದಲು ಒರಟಾಗಬಹುದು, ತುಂಡಾಗಬಹುದು, ಆದ್ರೆ ಹಣೆಯ ಎರಡೂ ಮೂಲೆ ಹಿಂದಕ್ಕೆ ಸರಿದು ನಡುನೆತ್ತಿ ತೆಳ್ಳಗಾಗೋದು ಬೇರೇನೇ, ಅದು ವಂಶದಿಂದ ಬರೋದು, ಡಿಎಚ್‌ಟಿ ಅನ್ನೋ ಹಾರ್ಮೋನಿಗೆ ಆ ಜಾಗದ ಬೇರುಗಳು ಸೊರಗ್ತಾ ಹೋಗ್ತವೆ. ಎಣ್ಣೆ ಅಲ್ಲೀ ತನಕ ಹೋಗಿ ಕೆಲಸ ಮಾಡಲ್ಲ.

ಮನಸ್ಸಿಗೆ ಚುಚ್ಚಿದ್ದು ಮಾತ್ರ ಹೆಣ್ಣು ನೋಡೋ ಶಾಸ್ತ್ರದಲ್ಲಿ. ಹುಡುಗಿ ಮನೇಲಿ ಉಪ್ಪಿಟ್ಟು ಕೇಸರಿಬಾತ್ ಎಲ್ಲ ಆಯ್ತು, ಮಾತೂ ಚೆನ್ನಾಗೇ ನಡೀತು, ಎದ್ದು ಬರೋವಾಗ ಹುಡುಗಿ ದೊಡ್ಡಪ್ಪ ಇವರಪ್ಪನ್ನ ಪಕ್ಕಕ್ಕೆ ಕರೆದು "ಹುಡುಗನ್ ವಯಸ್ಸು ಎಷ್ಟು ಅಂದ್ರಿ?" ಅಂತ ಇನ್ನೊಂದ್ ಸಲ ಕೇಳಿದ್ರಂತೆ. ಅಷ್ಟೇ. ಬೇಡ ಅನ್ನೋದಕ್ಕೆ ಅವರು ಕೊಟ್ಟ ಕಾರಣ ಜಾತಕ. ಚೇತನ್‌ಗೆ ಮಾತ್ರ ದೊಡ್ಡಪ್ಪನ ಆ ಪ್ರಶ್ನೆ ರಾತ್ರಿಯೆಲ್ಲ ಕಿವೀಲಿ ಕೇಳ್ತಿತ್ತು. ಅದೇ ವಾರ ಕೂದಲು ನೆಡಿಸ್ಕೊಳೋ (ಹೇರ್ ಟ್ರಾನ್ಸ್‌ಪ್ಲಾಂಟ್) ಆಪರೇಷನ್‌ಗೆ ಅಡ್ವಾನ್ಸ್ ಕಟ್ಟೋಕೆ ರೆಡಿ ಆಗಿದ್ರು.

ನನಗೆ ಗಾಬರಿ ಆಗಿದ್ದು ಅಲ್ಲಿ. ಆಪರೇಷನ್ ಮಾಡಿಸ್ಕೊಳೋದು ತಪ್ಪು ಅಂತ ನಾನು ಯಾವತ್ತೂ ಹೇಳಲ್ಲ, ಇದ್ದಿದ್ದನ್ನ ಒಪ್ಕೊಳಿ, ಬೋಳು ತಲೇನೂ ಚಂದ ಅಂತ ಪುಕ್ಕಟೆ ಬುದ್ಧಿ ಹೇಳೋರು ಸಾಮಾನ್ಯವಾಗಿ ತುಂಬು ಕೂದಲಿನವರೇ ಆಗಿರ್ತಾರೆ. ಆದ್ರೆ ಅವಮಾನ ಆದ ವಾರದಲ್ಲಿ ತಗೊಂಡ ನಿರ್ಧಾರಕ್ಕೆ ಸಹಿ ಹಾಕ್ಬೇಡಿ, ಒಂದೆರಡು ತಿಂಗಳು ಬಿಟ್ಟು ನೋಡೋಣ, ಆಗ್ಲೂ ಬೇಕು ಅನ್ಸಿದ್ರೆ ಬೇಕು ಅಂತಲೇ ಅರ್ಥ ಅಂದೆ.

ಆ ಮಧ್ಯೆ ಕೆಲವು ಪ್ರಶ್ನೆ ಕೇಳ್ಲೇಬೇಕಿತ್ತು. ದಿನಕ್ಕೆ ಎಷ್ಟು ಹೊತ್ತು ಕನ್ನಡಿ ಮುಂದೆ? ಕೂದಲು ಬಿಟ್ಟು ಮೂಗು, ಚರ್ಮ, ಇನ್ನೇನಾದ್ರೂ ಹೀಗೇ ಕಾಡಿದ್ಯಾ? ಬೇರೆಯವರಿಗೆ ಕಾಣದ ಕುಂದು ನಿಮಗೆ ಮಾತ್ರ ಕಾಣತ್ತಾ? ಯಾಕಂದ್ರೆ ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಅಂತ ಒಂದು ಕಾಯಿಲೆ ಇದೆ, ಇಲ್ಲದ ಅಥವಾ ತೀರಾ ಸಣ್ಣ ಕುಂದನ್ನೇ ಹಿಡ್ಕೊಂಡು ದಿನಾ ಗಂಟೆಗಟ್ಲೆ ಕೊರಗೋದು, ಅಂಥವರಿಗೆ ಆಪರೇಷನ್ ಮಾಡಿದ್ರೂ ಸಮಾಧಾನ ಸಿಗಲ್ಲ, ಚಿಂತೆ ಇನ್ನೊಂದು ಅಂಗಕ್ಕೆ ಹೋಗಿ ಕೂರತ್ತೆ, ಅವರಿಗೆ ಬೇಕಾಗಿರೋದು ಮನೋವೈದ್ಯರು. ಚೇತನ್ ವಿಷಯದಲ್ಲಿ ಹಾಗಿರ್ಲಿಲ್ಲ. ತಲೆ ನಿಜವಾಗ್ಲೂ ತೆಳ್ಳಗಾಗಿತ್ತು, ತಲೆ ಎಷ್ಟು ಬೋಳಾಗಿದೆ ಅಂತ ಡಾಕ್ಟ್ರುಗಳು ಅಳೆಯೋ ನಾರ್ವುಡ್ ಸ್ಕೇಲಲ್ಲಿ ಒಂದರಿಂದ ಏಳರಲ್ಲಿ ಮೂರು ಅಂತ ಆಮೇಲೆ ಗೊತ್ತಾಯ್ತು. ಆದ್ರೆ ಬದುಕನ್ನೆಲ್ಲ ಆ ಕೂದಲಿಗೆ ಗಂಟು ಹಾಕಿಟ್ಟಿದ್ರು.

ಅದಕ್ಕೆ ಒಂದು ಹಾಳೆ ಕೊಟ್ಟು, ಕೂದಲು ಬಂದ್ಮೇಲೆ ಏನೇನ್ ಮಾಡ್ತೀರಾ ಬರೀರಿ ಅಂದೆ. ಬರೆದ್ರು: ಮ್ಯಾಟ್ರಿಮೊನಿಗೆ ಹೊಸ ಫೋಟೋ ಹಾಕೋದು, ತಂಗಿ ಮದುವೇಲಿ ಸ್ಟೇಜ್ ಮೇಲೆ ನಿಲ್ಲೋದು, ಮೀಟಿಂಗಲ್ಲಿ ಕ್ಯಾಮೆರಾ ಆನ್ ಮಾಡೋದು, ಟೀಮ್ ಲೀಡ್ ಪೋಸ್ಟಿಗೆ ಕೇಳೋದು, ಈಜು ಕಲಿಯೋದು. ಇದ್ರಲ್ಲಿ ಕೂದಲಿಲ್ಲದೇ ಆಗದೇ ಇರೋದು ಯಾವ್ದು ಅಂತ ಕೇಳಿದ್ದಕ್ಕೆ ತುಂಬಾ ಹೊತ್ತು ನೋಡಿ, "ಯಾವ್ದೂ ಇಲ್ಲ, ಆದ್ರೆ ಕಷ್ಟ" ಅಂದ್ರು. ಕಷ್ಟ ಅನ್ನೋದು ಸರಿ. ಕ್ಯಾಮೆರಾ ಒಂದನ್ನ ಈಗ್ಲೇ ಶುರು ಮಾಡೋದು ಅಂತ ಒಪ್ಕೊಂಡ್ರು, ಮೊದಲ ದಿನ ಬೆವರು ಬಂತಂತೆ, ಯಾರೂ ಏನೂ ಅನ್ಲಿಲ್ಲ, ಎಲ್ಲಾರೂ ತಮ್ ತಮ್ ಮುಖಾನೇ ನೋಡ್ಕೊಂಡಿರ್ತಾರಲ್ವಾ.

ಎರಡು ತಿಂಗಳಾದ್ಮೇಲೂ ಮಾಡಿಸ್ಕೊಬೇಕು ಅಂತಾನೇ ಇತ್ತು. ಸರಿ, ಹಾಗಾದ್ರೆ ಕಣ್ಣು ಬಿಟ್ಕೊಂಡು ಮಾಡಿಸ್ಕೊಳಿ ಅಂದೆ.

ಅವರು ಮೊದಲು ಹೋಗಿ ಬಂದಿದ್ದ ಕಡೆ ಡಾಕ್ಟರ್ ಮುಖ ನೋಡೋಕೆ ಮುಂಚೇನೇ ಒಬ್ಬರು ಲ್ಯಾಪ್‌ಟಾಪ್ ತಿರುಗಿಸಿ "ನಾಲ್ಕು ಸಾವಿರ ಗ್ರಾಫ್ಟ್, ಇವತ್ತೇ ಬುಕ್ ಮಾಡಿದ್ರೆ ಆಫರ್, ಇಎಂಐ ಇದೆ" ಅಂದಿದ್ರಂತೆ (ಗ್ರಾಫ್ಟ್ ಅಂದ್ರೆ ಬೇರು ಸಮೇತ ಕಿತ್ತು ನೆಡೋ ಕೂದಲ ಸಣ್ಣ ಗೊಂಚಲು), ಅವರ ಕೊರಳ ಕಾರ್ಡಲ್ಲೂ ಕೌನ್ಸೆಲರ್ ಅಂತಲೇ ಬರೆದಿತ್ತು ಅಂತ ಚೇತನ್ ಹೇಳಿದಾಗ ನನಗೆ ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ. ಎರಡನೇ ಅಭಿಪ್ರಾಯ ತಗೊಳಿ, ಚರ್ಮರೋಗ ತಜ್ಞರನ್ನೋ ಪ್ಲಾಸ್ಟಿಕ್ ಸರ್ಜನ್‌ನ್ನೋ ನೋಡಿ, ಕತ್ತಿ ಹಿಡಿಯೋರು ಯಾರು, ಟೆಕ್ನಿಶಿಯನ್ ಮಾಡೋದೇನು, ಡಾಕ್ಟರ್ ಎಷ್ಟು ಹೊತ್ತು ರೂಮಲ್ಲಿರ್ತಾರೆ ಅಂತ ಬಾಯ್ಬಿಟ್ಟು ಕೇಳಿ ಅಂದೆ. ವರ್ಕ್‌ಶಾಪಲ್ಲೋ ಯೂಟ್ಯೂಬಲ್ಲೋ ನೋಡಿ ಕಲಿತಿದ್ದು ಈ ಕೆಲಸಕ್ಕೆ ಸಾಲಲ್ಲ ಅಂತ ದೇಶದ ವೈದ್ಯಕೀಯ ಶಿಕ್ಷಣ, ವೃತ್ತಿ ನಿಯಂತ್ರಿಸೋ ನ್ಯಾಷನಲ್ ಮೆಡಿಕಲ್ ಕಮಿಷನ್ 2022ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ನಮ್ ರಾಜ್ಯದಲ್ಲಿ ಕ್ಲಿನಿಕ್‌ಗೆ ಕೆಪಿಎಂಇ, ಅಂದ್ರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಇರಬೇಕು, ಆ ಸರ್ಟಿಫಿಕೇಟ್ ಎದುರಿಗೇ ಕಾಣೋ ಹಾಗೆ ಹಾಕಿರ್ಬೇಕು, ಅದನ್ನ ನೋಡೋಕೆ ಯಾರೂ ಸಂಕೋಚ ಪಡಬೇಕಿಲ್ಲ.

ಎರಡನೇ ಡಾಕ್ಟರ್ ಒಬ್ಬ ಚರ್ಮರೋಗ ತಜ್ಞೆ. ಅವರು ಮೊದಲು ಮಾಡಿದ್ದು ಆಪರೇಷನ್ ಬೇಡ ಅಂದಿದ್ದು. ಉದುರೋದು ಇನ್ನೂ ಜೋರಾಗಿದೆ, ಈಗ ಮುಂದೆ ನೆಟ್ಟು ಆಮೇಲೆ ಅದರ ಹಿಂದಿನ ನಿಮ್ಮದೇ ಕೂದಲು ಹೋದ್ರೆ ಮುಂದೊಂದು ಗೆರೆ, ಹಿಂದೆ ಬಯಲು ಆಗತ್ತೆ, ಒಂದು ವರ್ಷ ಉದುರೋದು ತಡೆಯೋಕೆ ಫಿನಾಸ್ಟರೈಡ್ 1 ಮಿಲಿಗ್ರಾಂ ಮಾತ್ರೆ, ತಲೆಗೆ ಹಚ್ಚೋ ಮಿನಾಕ್ಸಿಡಿಲ್ 5 ಪರ್ಸೆಂಟ್ ತಗೊಂಡು ಬನ್ನಿ ಅಂದ್ರಂತೆ. ತಲೆ ಹಿಂಭಾಗ, ಪಕ್ಕದಲ್ಲಿರೋ ಬೇರುಗಳಿಗೆ ಆ ಹಾರ್ಮೋನಿನ ಕಾಟ ಕಮ್ಮಿ, ಕಿತ್ತು ಮುಂದೆ ನೆಟ್ರೂ ಆ ಗುಣ ಹೋಗಲ್ಲ, 1950ರ ದಶಕದಲ್ಲಿ ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಕ್ ಅನ್ನೋ ಡಾಕ್ಟರ್ ತೋರಿಸಿಕೊಟ್ಟ ಸಂಗತಿ ಇದು, ಇವತ್ತಿಗೂ ಇಡೀ ಆಪರೇಷನ್ ನಿಂತಿರೋದು ಅದರ ಮೇಲೇನೇ. ಆದ್ರೆ ಹಿಂಭಾಗದಿಂದ ಒಂದ್ಸಲ ತೆಗೆದ ಬೇರು ಅಲ್ಲಿ ಮತ್ತೆ ಹುಟ್ಟಲ್ಲ. 28ಕ್ಕೇ ನಾಲ್ಕು ಸಾವಿರ ಗ್ರಾಫ್ಟ್ ಖರ್ಚು ಮಾಡಿದ್ರೆ 40ಕ್ಕೆ ಏನ್ ಉಳಿಯತ್ತೆ?

ಚೇತನ್ ವರ್ಷ ಕಾದ್ರು. ಉದುರೋದು ಸುಮಾರಾಗಿ ನಿಂತಿತು. ಆಮೇಲೆ 2,400 ಗ್ರಾಫ್ಟಿಗೆ ದಿನ ಗೊತ್ತಾಯ್ತು, ದುಡ್ಡು ಒಂದು ಲಕ್ಷದ ಹತ್ತಿರ ಹತ್ತಿರ, ಸಾಲ ಮಾಡ್ಲಿಲ್ಲ ಅನ್ನೋದು ನನಗೆ ಸಮಾಧಾನ. ಮನೇಲಿ ಹೇಳ್ತೀರಾ ಅಂತ ಕೇಳ್ದೆ. ಆಫೀಸಲ್ಲಿ ತಿರುಪತಿಗೆ ಹೋಗಿ ಮುಡಿ ಕೊಟ್ಟೆ ಅಂತೀನಿ, ಮನೇಲೂ ಅದನ್ನೇ ಹೇಳ್ತೀನಿ ಅಂದ್ರು. ಆಫೀಸಿಗೆ ಏನಾದ್ರೂ ಹೇಳ್ಕೊಳಿ, ಆದ್ರೆ ಆಪರೇಷನ್ ಆದ ರಾತ್ರಿ ಜೊತೇಲಿ ಒಬ್ಬರು ಇರ್ಬೇಕು, ಮುಖ ಊದ್ಕೊಂಡಾಗ ವಿಡಿಯೋ ಕಾಲಲ್ಲಿ ಅಮ್ಮ ನೋಡಿ ಹೌಹಾರೋದು ಬೇಡ, ಒಬ್ಬರಿಗಾದ್ರೂ ನಿಜ ಹೇಳಿ ಅಂದೆ. ಅವರು ಆರಿಸ್ಕೊಂಡಿದ್ದು ಅಪ್ಪನ್ನ. ನಾನು ತಂಗಿಗೆ ಹೇಳ್ತಾರೆ ಅಂದ್ಕೊಂಡಿದ್ದೆ.

ಆವತ್ತಿನ ದಿನದ ಬಗ್ಗೆ ಅವರು ಹೇಳಿದ್ದು ಸ್ವಲ್ಪಾನೇ. ತಲೆ ಬೋಳಿಸಿದ್ರು, ಮರಗಟ್ಟೋ ಇಂಜೆಕ್ಷನ್ ಚುಚ್ಚೋವಾಗ ಕಣ್ಣಲ್ಲಿ ನೀರು, ಆಮೇಲೆ ನೋವಿಲ್ಲ, ಬೋರಲು ಮಲಗಿ ಹಿಂದಿನಿಂದ ಒಂದೊಂದೇ ಬೇರು ತೆಗೆದ್ರು, ಮಧ್ಯಾಹ್ನ ಮೊಸರನ್ನ, ಆಮೇಲೆ ಮಲಗಿಸಿ ಮುಂದೆ ನೆಟ್ರು, ಬೆಳಗ್ಗೆ ಹೋದವರು ಹೊರಗೆ ಬಂದಾಗ ಸಂಜೆ. ಮೂರನೇ ದಿನ ಊತ ಹಣೆಯಿಂದ ಕಣ್ಣಿಗಿಳೀತು, ಇದು ಆಗೋದೇ, ಮೊದಲೇ ಹೇಳಿದ್ರು, ಆದ್ರೂ ಹೆದರಿದ್ರು. ಕೆಲವು ರಾತ್ರಿ ದಿಂಬು ಎತ್ತರಿಸಿ ಒರಗಿಕೊಂಡೇ ನಿದ್ದೆ, ಸಲೈನ್ ಸ್ಪ್ರೇ, ಕೈ ತಾಗಿಸದ ಹಾಗೆ ಸ್ನಾನ. ಹತ್ತು ದಿನದ ಹೊತ್ತಿಗೆ ಹಕ್ಕಳೆ ಉದುರಿ ಹೋಯ್ತು. ಡಾಕ್ಟರ್ ಹೇಳೋ ತನಕ ಹೆಲ್ಮೆಟ್ ಹಾಕೋ ಹಾಗಿಲ್ಲ, ಹೆಲ್ಮೆಟ್ ಇಲ್ಲದೇ ಬೈಕ್ ಓಡಿಸೋ ಹಾಗೂ ಇಲ್ಲ, ಮೆಟ್ರೋಲಿ ಓಡಾಡಿದ್ರು. ಅಪ್ಪ ಪೀಜಿ ರೂಮಲ್ಲೇ ಚಾಪೆ ಹಾಕ್ಕೊಂಡು ನಾಲ್ಕು ದಿನ ಇದ್ದು ಹೋದ್ರಂತೆ.

ಇಲ್ಲೀ ತನಕ ಎಲ್ಲ ಸರಿ. ಎರಡು ತಿಂಗಳ ಹತ್ತಿರ ಒಂದು ರಾತ್ರಿ ಹನ್ನೊಂದಕ್ಕೆ ಮೆಸೇಜು: "ಎಲ್ಲಾ ಹೋಯ್ತು ಮೇಡಂ."

ನೆಟ್ಟ ಕೂದಲು ಎರಡರಿಂದ ಎಂಟು ವಾರದೊಳಗೆ ಉದುರತ್ತೆ. ಬೇರು ಚರ್ಮದೊಳಗೆ ಇರತ್ತೆ, ಮೇಲಿನ ಎಳೆ ಮಾತ್ರ ಬೀಳತ್ತೆ, ಮೂರ್ನಾಲ್ಕು ತಿಂಗಳಿಗೆ ಹೊಸದು ಹುಟ್ಟೋಕೆ ಶುರು, ಸರಿಯಾಗಿ ಕಾಣೋದು ಆರರಿಂದ ಒಂಬತ್ತು ತಿಂಗಳಿಗೆ, ಪೂರ್ತಿ ಫಲಿತಾಂಶಕ್ಕೆ ವರ್ಷ, ನೆತ್ತಿಗೆ ಇನ್ನೂ ಜಾಸ್ತಿ. ಈ ವಿಷಯ ಕ್ಲಿನಿಕ್ ಕೊಟ್ಟ ಹಾಳೇಲೂ ಇತ್ತು, ಚೇತನ್‌ಗೆ ಬಾಯಿಪಾಠನೂ ಆಗಿತ್ತು. ಗೊತ್ತಿರೋದು ಬೇರೆ, ಲಕ್ಷ ರೂಪಾಯಿ ದಿಂಬಿನ ಮೇಲೆ ಬಿದ್ದಿರೋದನ್ನ ಬೆಳಗ್ಗೆ ಎದ್ದು ನೋಡೋದು ಬೇರೆ. ಆಪರೇಷನ್ನಿಗಿಂತ ಮುಂಚಿನ ಸ್ಥಿತಿಗಿಂತ ಕೆಟ್ಟದಾಗಿ ಕಾಣೋ ತಿಂಗಳುಗಳು ಇವು, ಜನ ಕುಸಿಯೋದು ಹೆಚ್ಚಾಗಿ ಇಲ್ಲೇ, ಮತ್ತೆ ಯಾವ ಜಾಹೀರಾತಲ್ಲೂ ಈ ತಿಂಗಳ ಫೋಟೋ ಇರಲ್ಲ.

ಮಾರನೇ ದಿನ ಬರ್ಹೇಳಿದೆ. ಒಂದು ವಾರದಿಂದ ಸರಿಯಾಗಿ ಊಟ ಇಲ್ಲ, ರಾತ್ರಿ ಮೊಬೈಲ್ ಟಾರ್ಚ್ ಹಾಕ್ಕೊಂಡು ತಲೆ ಫೋಟೋ ತೆಗೆದು ಜೂಮ್ ಮಾಡೋದು. ಮೊದಲು ಕೇಳಿದ್ದು ಸಾಯ್ಬೇಕು ಅಂತ ಅನ್ಸಿದ್ಯಾ ಅಂತ, ನೇರವಾಗಿ. ಇಲ್ಲ, ಆದ್ರೆ ಯಾವ್ದೂ ಬೇಡ ಅನ್ಸತ್ತೆ ಅಂದ್ರು. ಎರಡನೇದು ಮಾತ್ರೆ ಬಗ್ಗೆ. ಫಿನಾಸ್ಟರೈಡ್ ತಗೊಳೋ ಕೆಲವರಲ್ಲಿ ಲೈಂಗಿಕ ಆಸಕ್ತಿ ಕಮ್ಮಿ ಆಗೋದು, ಮನಸ್ಸು ಕುಗ್ಗೋದು ಕಂಡಿದೆ, ಆತ್ಮಹತ್ಯೆ ಯೋಚನೆಯನ್ನೂ ಅದರ ಅಡ್ಡಪರಿಣಾಮ ಅಂತ ಯುರೋಪಿನ ಔಷಧ ನಿಯಂತ್ರಕರು 2025ರಲ್ಲಿ ದೃಢಪಡಿಸಿದಾರೆ. ಇವರ ಕುಗ್ಗುವಿಕೆ ಮಾತ್ರೆಯಿಂದಾನಾ, ಕೂದಲು ಉದುರಿದ್ದಕ್ಕಾ ಅಂತ ನಾನು ಹೇಳೋಕಾಗಲ್ಲ, ನಾನು ಡಾಕ್ಟರ್ ಅಲ್ಲ. ಅಲ್ಲೇ ಕೂರಿಸಿ ಚರ್ಮರೋಗ ತಜ್ಞೆಗೆ ಫೋನ್ ಮಾಡಿಸಿದೆ, ಅವರು ಮಾತ್ರೆ ಸದ್ಯಕ್ಕೆ ನಿಲ್ಲಿಸಿ ನೋಡೋಣ ಅಂದ್ರು. ರಾತ್ರಿ ಹೊತ್ತು ತೀರಾ ತಡೆಯೋಕಾಗದಿದ್ರೆ ನನ್ನ ರಿಪ್ಲೈಗೆ ಕಾಯ್ಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಹಚ್ಚಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ ಅಂತ ನಂಬರ್ ಸೇವ್ ಮಾಡಿಸಿದೆ.

ಆಮೇಲೆ ಕೊಟ್ಟ ಸಲಹೆ ಏನೂ ದೊಡ್ಡದಲ್ಲ. ತಲೆ ಫೋಟೋ ತಿಂಗಳಿಗೊಂದೇ, ಒಂದೇ ಜಾಗ, ಒಂದೇ ಬೆಳಕು, ತೆಗೆದ್ಮೇಲೆ ತಂಗಿ ಫೋನಿಗೆ ಕಳಿಸಿ ನಿಮ್ ಫೋನಿಂದ ಅಳಿಸಿ. ಬೇರೆಯವರ ರಿಸಲ್ಟ್ ವಿಡಿಯೋ ನೋಡೋದು ಬಂದ್. ಬಾತ್‌ರೂಮ್ ಕನ್ನಡಿಯಲ್ಲಿ ಹಲ್ಲುಜ್ಜೋಷ್ಟು ಹೊತ್ತು ಸಾಕು. ಮತ್ತೆ ಆ ಹಳೇ ಪಟ್ಟಿ ತೆಗೀರಿ, ಕ್ಯಾಮೆರಾ ಆದ್ಮೇಲೆ ಮುಂದಿನದು ಯಾವ್ದು? ಇಷ್ಟು ಕೆಟ್ಟದಾಗಿ ಕಾಣೋವಾಗ್ಲಾ ಅಂದ್ರು. ಈಗ್ಲೇ ಅಂದೆ, ಚೆನ್ನಾಗಿ ಕಾಣೋವಾಗ ಮಾಡಿದ್ರೆ ಅದನ್ನ ಮಾಡಿದ್ದು ನೀವಾ ಕೂದಲಾ ಅಂತ ಯಾವತ್ತೂ ಗೊತ್ತಾಗಲ್ಲ. ಟೀಮ್ ಲೀಡ್ ವಿಷಯ ಮ್ಯಾನೇಜರ್ ಹತ್ರ ಎತ್ತಿದ್ರು. ಸಿಗ್ಲಿಲ್ಲ, ಬೇರೆಯವರಿಗೆ ಹೋಯ್ತು, ಆದ್ರೆ ಕಾರಣ ಕೂದಲಲ್ಲ ಎಕ್ಸ್‌ಪೀರಿಯನ್ಸು ಅಂತ ಅವರ ಕಿವಿಯಾರೆ ಕೇಳ್ಕೊಂಡು ಬಂದ್ರು.

ನನ್ನ ಮಾತಿಗಿಂತ ಅವರಪ್ಪನ ಒಂದು ಮಾತು ಹೆಚ್ಚು ನಾಟ್ತು ಅನ್ನೋದನ್ನೂ ಹೇಳ್ಬೇಕು. ಫೋನಲ್ಲಿ ಅತ್ತಾಗ ಅವರಂದ್ರಂತೆ, "ಒಟ್ಲಿಂದ ಕಿತ್ತು ಗದ್ದೇಲಿ ನೆಟ್ಟ ಪೈರು ವಾರ ಹೆಂಗೆ ಕೆಂಪಗಾಗ್ತದೆ ಕಂಡಿಲ್ವೇನ್ಲಾ, ಕಿತ್ತು ನೋಡಕ್ ಹೋಯ್ತೀವಾ ನಾವು?"

ನಾಲ್ಕನೇ ತಿಂಗಳ ಕೊನೆಗೆ ಸಣ್ಣಗೆ ಎಳೆ ಕಾಣಿಸ್ಕೊಂಡ್ವು. ಅಷ್ಟರಲ್ಲಿ ನಿದ್ದೆ ಊಟ ಸರಿ ಹೋಗಿತ್ತು. ಎಂಟನೇ ತಿಂಗಳಲ್ಲಿ ಬಂದಾಗ ನನಗೇ ಗುರುತು ಹಿಡಿಯೋಕೆ ಒಂದು ಕ್ಷಣ ಬೇಕಾಯ್ತು, ಚೆನ್ನಾಗಿ ಕೂತಿದೆ, ವಯಸ್ಸಿಗೆ ತಕ್ಕ ಹಾಗೆ ಹಣೆ ಸ್ವಲ್ಪ ಅಗಲವಾಗೇ ಬಿಟ್ಟಿದಾರೆ ಆ ಡಾಕ್ಟರ್. ನೆತ್ತಿ ಇನ್ನೂ ತೆಳ್ಳಗೇ ಇದೆ, ಅದರ ಬಗ್ಗೆ ಆಗಾಗ ಕೊರಗು ಇದೆ, ಇಲ್ಲ ಅಂತ ಹೇಳಿದ್ರೆ ಸುಳ್ಳಾಗತ್ತೆ. ಮಾತ್ರೆ ಬೇಡ, ಮಿನಾಕ್ಸಿಡಿಲ್ ಒಂದರಲ್ಲೇ ಇರ್ತೀನಿ, ಉಳಿದಿದ್ದು ಹೋದ್ರೆ ಹೋಗ್ಲಿ ಅಂತ ಡಾಕ್ಟರ್ ಹತ್ರ ಮಾತಾಡ್ಕೊಂಡೇ ತೀರ್ಮಾನ ಮಾಡಿದಾರೆ.

ಈ ಸಲ ತಂದಿದ್ದು ಬೇರೆ ಪ್ರಶ್ನೆ. ಇನ್ನೊಂದು ಸಂಬಂಧ ಬಂದಿದೆ, ಹುಡುಗಿ ಜೊತೆ ಫೋನಲ್ಲಿ ಮಾತಾಗ್ತಿದೆ, ಅವಳಿಗೆ ಹೇಳ್ಬೇಕಾ? ಅಮ್ಮ ಬೇಡ್ವೇ ಬೇಡ ಅಂತಾರೆ. ನಾನು ಹೇಳಿ ಅಂದೆ. ಹಳೇ ಫೋಟೋ ನೆಂಟರ ಮದುವೆ ಆಲ್ಬಮ್ಮಲ್ಲೆಲ್ಲ ಇದೆ, ಹಿಂಭಾಗದ ಚುಕ್ಕಿ ಗುರುತು ಕೂದಲು ಚಿಕ್ಕದು ಮಾಡಿಸಿದ ದಿನ ಕಾಣತ್ತೆ, ಮದುವೆ ಆದ್ಮೇಲೆ ಇನ್ನೊಬ್ಬರ ಬಾಯಿಂದ ಗೊತ್ತಾದ್ರೆ ಅವಳಿಗೆ ನೋವಾಗೋದು ಮುಚ್ಚಿಟ್ಟಿದ್ದಕ್ಕೆ. ಮುಂದಿನ ಹೆಜ್ಜೆ ಇಡೋಕೆ ಮುಂಚೆ, ತಮಾಷೆ ಮಾಡ್ದೇ, ಕ್ಷಮೆನೂ ಕೇಳ್ದೇ, ಎರಡು ವಾಕ್ಯದಲ್ಲಿ ಹೇಳಿ ಸುಮ್ನಾಗಿ.

ಹೇಳಿದ್ರು. ಅವಳು ಮೊದಲು ಕೇಳಿದ್ದು ನೋವಾಯ್ತಾ ಅಂತ, ಆಮೇಲೆ ಎಷ್ಟು ಖರ್ಚಾಯ್ತು ಅಂತ, ಕೊನೆಗೆ ಮಕ್ಕಳಿಗೂ ಬರತ್ತಾ ಅಂತ. ಮೂರನೇದಕ್ಕೆ ಏನ್ ಹೇಳ್ಲಿ ಮೇಡಂ ಅಂತ ನನಗೆ ಮೆಸೇಜ್ ಹಾಕಿದ್ರು. ಅಪ್ಪನ ಕಡೆಯಿಂದ್ಲೂ ಅಮ್ಮನ ಕಡೆಯಿಂದ್ಲೂ ಬರಬಹುದು, ಯಾರಿಗೆ ಬರತ್ತೆ ಅಂತ ಮೊದಲೇ ಹೇಳೋಕಾಗಲ್ಲ, ಅವಳ ಸೋದರಮಾವಂದಿರ ತಲೆ ಹೇಗಿದೆ ಅಂತ ನೀವೂ ಕೇಳಿ ಅಂತ ಬರೆದೆ.