ಶರೀಫರ ಪದಗಳ ಸಾಹಿತ್ಯ ತಪ್ಪಾಗಿದೆ ಎಂಬ ದೂರಿಗೆ

ಇದು ಬಹುಶಃ ಪಾಠಾಂತರದ, ಅಂದರೆ ಒಂದೇ ಪದದ ಸಾಲುಗಳು ಬೇರೆ ಬೇರೆ ರೂಪದಲ್ಲಿರುವುದರ ತಕರಾರು. ನಿಮ್ಮ ತತ್ವಪದಗಳ ಆಲ್ಬಮ್ಮನ್ನು ಹುಬ್ಬಳ್ಳಿಯವರು ಮೆಚ್ಚಿದ್ದಾರೆ, ಶಿಗ್ಗಾವಿ ಕಡೆಯ ಹಿರಿಯರು ‘ಪದ ಕೆಡಿಸಿದ್ದೀರಿ’ ಅಂದಿದ್ದಾರೆ ಅಲ್ವಾ? ಶಿಶುನಾಳ ಶರೀಫರ (1819–1889) ಪದಗಳು ಬಾಯಿಂದ ಬಾಯಿಗೆ ಉಳಿದು ಬಂದವು. ಒಂದೊಂದು ಭಜನಾ ಮೇಳದಲ್ಲಿ ಒಂದೊಂದು ಸಾಲು ಬೇರೆ ಇರುತ್ತದೆ. ನಮ್ಮ ಮೇಳದ ಧ್ವನಿಮುದ್ರಣಕ್ಕೂ ಇದೇ ಮಾತು ಬಂದಿತ್ತು.

ಮೊದಲು ಟೀಕೆಗಳನ್ನು ಬೇರೆ ಮಾಡಿ. ಕೀಬೋರ್ಡ್ ಜಾಸ್ತಿ, ಏಕತಾರಿ ಕೇಳಿಸುವುದಿಲ್ಲ ಅನ್ನೋದು ರುಚಿಯ ಮಾತು, ಸದ್ಯ ಬದಿಗಿಡಿ. ‘ಈ ಸಾಲು ಹೀಗಿಲ್ಲ’ ಅಂದವರನ್ನು ಹುಡುಕಿಕೊಂಡು ಹೋಗಿ. ಯಾವ ಸಾಲು, ಯಾರಿಂದ ಕಲಿತಿರಿ, ಯಾವ ಊರಿನ ಮೇಳ ಎಂದು ಕೇಳಿ. ಇಡೀ ಪದ ಹಾಡಿಸಿ, ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಸುಮ್ನೆ ಕಾಮೆಂಟಿನಲ್ಲಿ ವಾದ ಮಾಡಿದರೆ ಇದ್ಯಾವುದೂ ಸಿಗುವುದಿಲ್ಲ.

ಆಮೇಲೆ ಅಚ್ಚಾದ ಸಂಗ್ರಹಗಳ ಜೊತೆ ಹೋಲಿಸಿ. ಒಂದೇ ಪುಸ್ತಕ ನೆಚ್ಚಬೇಡಿ. ಗೊಂದಲ ಉಳಿದರೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ, ಅಲ್ಲಿ ವಿಚಾರಿಸಿ.

ಅರ್ಥ ಕೂಡಿ ಬಂದು, ಸಾಲು ಮಾತ್ರ ಬೇರೆಯಾಗಿದ್ದರೆ ಹಾಗೇ ಬಿಡಿ. ಹಾಡಿನ ಕೆಳಗಿನ ವಿವರಣೆಯಲ್ಲಿ ‘ಇಂಥ ಊರಿನ ಮೇಳದ ಪಾಠ’ ಎಂದು ಬರೆಯಿರಿ. ಆದರೆ ಸ್ಟುಡಿಯೋದಲ್ಲಿ ಪ್ರಾಸಕ್ಕೋ ತಾಳಕ್ಕೋ ನೀವೇ ಶಬ್ದ ಸೇರಿಸಿದ್ದರೆ ಅದನ್ನು ತೆಗೆಯಲೇಬೇಕು. ಬೆಡಗಿನ ಪದದಲ್ಲಿ, ಅಂದರೆ ಒಗಟಿನಂತೆ ಅರ್ಥ ಒಳಗಿಟ್ಟ ಪದದಲ್ಲಿ, ಒಂದು ಶಬ್ದ ಬದಲಾದರೂ ಒಳಗಿನ ಅರ್ಥ ಹಾಳಾಗುತ್ತದೆ. ಅಂಥ ನುಡಿಯನ್ನಷ್ಟೇ (ಚರಣವನ್ನಷ್ಟೇ) ಮತ್ತೆ ಹಾಡಿಸಿ. ದೂರಿದ ಹಿರಿಯರನ್ನೇ ಆ ದಿನ ಸ್ಟುಡಿಯೋಕ್ಕೆ ಕರೆಯಿರಿ.